ಒಂಬತ್ತನೆಯ ಕುಮಾರಿ

ಕುಣಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಪೂರ್ವಿ ಹೇಳಿದಾಗ ನಾನು ನಂಬಲಿಲ್ಲ. ದುಡಿದದ್ದಕ್ಕೇ ನೆಟ್ಟಗೆ ಕೊಡದ ಊರಿದು. ಕುಣಿದದ್ದಕ್ಕೆ ಯಾರು ಕೊಡುತ್ತಾರೆ?

ಆಗ ನಾನು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ದಾರ ಕತ್ತರಿಸುತ್ತಿದ್ದೆ. ಕಾಲೇಜು ಬಿಟ್ಟ ಕೂಡಲೇ ಅಲ್ಲಿಗೆ ಓಟ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಪ್ಯಾಂಟಿನ ಹೊಲಿಗೆ ಹೊಲಿಗೆಯ ತುದಿಯಲ್ಲೂ ಜೋತಾಡುವ ದಾರವನ್ನು ಕತ್ತರಿಸಬೇಕು. ಸೊಂಟ ಹಿಡಿಯುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಕತ್ತರಿ ಕೂತು ಕೂತು ಜಡ್ಡುಗಟ್ಟಿತ್ತು. ಮೂಗು ಸೀಟಿದರೆ ನೀಲಿ ಬರುತ್ತಿತ್ತು. ನನ್ನಪ್ಪ ತಿಮ್ಮಪ್ಪ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಪುಡಿಯ ಚೀಲ ಹೊರುತ್ತಾನೆ. ಅವನ ಸ್ನಾನದ ನೀರು ಒಂದು ದಿನ ಕೆಂಪು, ಒಂದು ದಿನ ಹಳದಿ. "ನಮ್ಮ ಮನ್ಯಾಗ ದಿನಾ ಹೋಳಿ ಹುಣ್ಣಿವಿ" ಎಂದು ಅವ್ವ ನಗುತ್ತಾಳೆ. ನಗದೆ ಏನು ಮಾಡುತ್ತಾಳೆ?

ಪೂರ್ವಿ ನಮ್ಮ ಚಾಳಿನವಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಮೂರನೆಯ ತರಗತಿ ಮುಗಿಸಿ ರಾಯಚೂರು ಜಿಲ್ಲೆಯಿಂದ ಇಲ್ಲಿಗೆ ಬಂದಾಗ ನನಗೆ ಗುಜರಾತಿ ಕಲಿಸಿದವಳು ಅವಳು, ಗರ್ಬಾ ಕಲಿಸಿದವಳೂ ಅವಳು. ಅವಳು ಕುಣಿಯಲು ನಿಂತರೆ ಚಾಳಿನ ನಾಯಿಗಳೂ ದಾರಿ ಬಿಡುತ್ತವೆ. ಗಿರಗಿರ ತಿರುಗಿ, ತಟ್ಟನೆ ಕೂತು, ಎದ್ದು ಚಪ್ಪಾಳೆ ಹೊಡೆದರೆ ನೋಡುವವರಿಗೆ ತಲೆ ಸುತ್ತಬೇಕು.

ಕೆಲಸ ಹೀಗಿತ್ತು. ಸಿರಿವಂತರ ಬಡಾವಣೆ ಬೋಡಕ್‌ದೇವದಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಸೊಸೈಟಿಗಳಿವೆ. ನವರಾತ್ರಿಗೆ ಅಂಗಳದಲ್ಲಿ ದೇವಿಯನ್ನು ಕೂರಿಸಿ ಸುತ್ತ ಗರ್ಬಾ ಆಡಬೇಕು. ಆದರೆ ಅಲ್ಲಿನ ಹುಡುಗ ಹುಡುಗಿಯರೆಲ್ಲ ದುಬಾರಿ ಪಾಸು ಕೊಂಡು ಪಾರ್ಟಿ ಪ್ಲಾಟ್ ಎಂಬ ಬಾಡಿಗೆ ಮೈದಾನಗಳಿಗೆ ಹೋಗಿಬಿಡುತ್ತಾರೆ. ಮನೆಯಂಗಳದಲ್ಲಿ ಉಳಿಯುವವರು ಮಂಡಿನೋವಿನ ಹೆಂಗಸರು ಐದಾರು ಜನ. ಡ್ರೋನ್ ಹಾರಿಸಿ ವಿಡಿಯೊ ತೆಗೆದರೆ ಅಂಗಳ ಬೋಳು ಬೋಳು. ಪಕ್ಕದ ಸೊಸೈಟಿಯವರ ಮುಂದೆ ಮಾನ ಹೋಗುತ್ತದೆ. ಅದಕ್ಕೆ ಬಾಡಿಗೆಗೆ ಕುಣಿಯುವವರು ಬೇಕು. ಅಂಥವರನ್ನು ಒದಗಿಸುವ ಗುತ್ತಿಗೆ ಮಂಥನ್‌ನದು. ಕಾಲೇಜು ಹುಡುಗ, ಎರಡು ಫೋನು, ಒಂದೂ ಸುಮ್ಮನಿರುವುದಿಲ್ಲ.

"ಹದಿನಾರರಿಂದ ಹತ್ತೊಂಬತ್ತು ವಯಸ್ಸು. ಮುಖದ ಮೇಲೆ ನಗು. ತೊಡಲು ಚನಿಯಾ ಚೋಳಿ ನಮ್ಮದೇ. ನವರಾತ್ರಿ ಚೆನ್ನಾಗಿ ಆದರೆ ಚಳಿಗಾಲವಿಡೀ ಮದುವೆಗಳಲ್ಲಿ ಕೆಲಸ ಕೊಡಿಸುತ್ತೇನೆ" ಎಂದ.

ಮೂರು ತಿಂಗಳು ದಾರ ಕತ್ತರಿಸಿದರೆ ಸಿಗುವುದು ಒಂಬತ್ತು ಸಂಜೆಗೆ ಸಿಗುತ್ತಿತ್ತು. ಚಳಿಗಾಲದ ಕೆಲಸವೂ ಸಿಕ್ಕಿಬಿಟ್ಟರೆ ಮತ್ತೆ ಆ ಕತ್ತರಿಯನ್ನು ಮುಟ್ಟಬೇಕಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಆ ಕತ್ತರಿಯನ್ನು ಸೂಪರ್‌ವೈಸರನ ಮೇಜಿನ ಮೇಲೆ ಕುಕ್ಕಿ ಬರಬೇಕು ಎಂದು ಕನಸು ಕಾಣುತ್ತಿದ್ದೆ.

ಅವ್ವ ಹೆದರಿದಳು. "ದೊಡ್ಡ ಮಂದಿ ಗರ್ಬಾ ನೋಡಾಕ ಹೋದ ನಮ್ಮಂಥ ಹುಡುಗರಿಗೆ ಬಡದು ಕಳಸ್ತಾರಂತ, ಬ್ಯಾಡ ಬೇ" ಎಂದಳು.

"ಹೊರಾಕ ಕರದಿಲ್ಲ, ಕುಣ್ಯಾಕ ಕರದಾರ. ಹೋಗ್ಲಿ ಬಿಡು" ಎಂದ ಅಪ್ಪ.

ಮೊದಲ ಸಂಜೆ ಸೊಸೈಟಿಯ ಗೇಟಿನಲ್ಲಿ ಇಂದುಮತಿಬೆನ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಸೊಸೈಟಿಗೆ ಅಧ್ಯಕ್ಷ ಅವಳ ಗಂಡ. ಅಧ್ಯಕ್ಷತೆ ಅವಳದು. ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಿದಳು. ಗುಜರಾತಿನಲ್ಲಿ ಬರೀ ಹೆಸರು ಸಾಲದು. "ಅಟಕ್?" ಎನ್ನುತ್ತಾರೆ. ಅಂದರೆ ಮನೆತನದ ಹೆಸರು. ಅದು ಗೊತ್ತಾದರೆ ಕುರ್ಚಿ ಕೊಡಬೇಕೋ, ಬಾಗಿಲಲ್ಲೇ ನಿಲ್ಲಿಸಬೇಕೋ ತಿಳಿಯುತ್ತದೆ. ಪೂರ್ವಿ "ವಣಕರ್" ಎಂದಳು. ನೇಯುವ ದಲಿತರ ಅಟಕ್ ಅದು. ಇಂದುಮತಿಬೆನ್ ಬೆರಳಿನಿಂದ ಎಡಕ್ಕೆ ತೋರಿಸಿದಳು. ಪೂರ್ವಿಯ ಹಿಂದಿದ್ದ ಐವರೂ ಎಡಕ್ಕೇ ಹೋದರು.

ನನ್ನ ಸರದಿ ಬಂತು. ನಮಗೆಲ್ಲಿಯ ಅಟಕ್? ಆಧಾರಿನಲ್ಲಿ ಅಪ್ಪನ ಹೆಸರೇ ನನ್ನ ಬಾಲ.

"ತುಂಗಾ ತಿಮ್ಮಪ್ಪ."

"ತಿಮ್ಮಪ್ಪ? ಹಾಗೆಂದರೇನು?"

"ತಿರುಪತಿ ದೇವರ ಹೆಸರು ಬೆನ್."

ಅದು ನಿಜ. ಅಜ್ಜ ಹರಕೆ ಹೊತ್ತು ಇಟ್ಟ ಹೆಸರು. ಇಂದುಮತಿಬೆನ್ ಕುರ್ಚಿಯಿಂದ ಅರ್ಧ ಎದ್ದಳು. "ತಿರುಪತಿ! ದಕ್ಷಿಣದ ಪಂಡಿತರ ಮನೆಯ ಹುಡುಗಿ! ಹಣೆ ನೋಡಿದ ಕೂಡಲೇ ಅಂದುಕೊಂಡೆ, ಏನು ತೇಜಸ್ಸು!" ನನ್ನ ಹಣೆಯಲ್ಲಿ ಇದ್ದದ್ದು ಬೆವರು. "ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತೀಯಾ ಬೇಟಾ?" "ಈಗ ಬಹಳ ತುಟ್ಟಿಯಾಗಿದೆ ಬೆನ್." ಅವಳಿಗೆ ಅದೂ ಸಂಸ್ಕಾರವಾಗಿಯೇ ಕಂಡಿತು. ನನ್ನನ್ನು ಬಲಕ್ಕೆ ಕಳಿಸಿದಳು.

ಎಡ ಬಲದ ಅರ್ಥ ಆರತಿಯ ಹೊತ್ತಿಗೆ ತಿಳಿಯಿತು. ಎಡದವರು ಆರತಿ ಮುಗಿಯುವ ತನಕ ಪಾರ್ಕಿಂಗ್‌ನಲ್ಲಿ, ಜನರೇಟರಿನ ಪಕ್ಕ ನಿಲ್ಲಬೇಕು. ಅವರ ನೀರಿನ ಕ್ಯಾನು ಬೇರೆ. ದೇವಿಗೆ ಬೆಳಗುವಾಗ ಬೇಡ, ಡ್ರೋನ್ ಹಾರುವಾಗ ಬೇಕು. ನಾನು ಮಾತ್ರ ಮುಂದಿನ ಸಾಲಿನಲ್ಲಿ. ನನ್ನ ಕೈಗೇ ಕರ್ಪೂರದ ತಟ್ಟೆ ಕೊಟ್ಟರು. ಪಾರ್ಕಿಂಗ್‌ನಿಂದ ಪೂರ್ವಿ ಇಣುಕಿ ನೋಡಿದಳು. ಅವಳ ಕಣ್ಣು ಗೋಲಿಯಾಗಿತ್ತು.

ಬಸ್ಸಿನಲ್ಲಿ ನಾವು ನಕ್ಕ ನಗು ಇಷ್ಟಿಷ್ಟಲ್ಲ. ಪೂರ್ವಿ ನನ್ನ ಕಾಲಿಗೆ ಬಿದ್ದು, "ಪಂಡಿತಾಣಿ, ಲೆಕ್ಕದಲ್ಲಿ ಪಾಸಾಗಲಿ ಎಂದು ಹರಸು ತಾಯಿ" ಎಂದಳು. ನಾನು ಹರಸಿದೆ. ಎದುರು ಕೂತಿದ್ದ ಮುದುಕಿ ಏನೂ ತಿಳಿಯದೆ ತಾನೂ ನಕ್ಕಳು.

"ತಿದ್ದಬೇಡ. ಅವರೇ ತಿಳಿದದ್ದು, ಅವರೇ ಅನುಭವಿಸಲಿ. ಪ್ರಸಾದ ಮಾತ್ರ ನನಗೂ ತಾ" ಎಂದಳು ಪೂರ್ವಿ.

ನನ್ನ ಪಾಂಡಿತ್ಯ ದಿನದಿನಕ್ಕೆ ಏರಿತು. ಮೂರನೆಯ ದಿನ ಒಬ್ಬಾಕೆ ಮಗನಿಗೆ ಸ್ಕೂಟರ್ ಕೊಳ್ಳಲು ಒಳ್ಳೆಯ ಹೊತ್ತು ಕೇಳಿದಳು. ಪೆಟ್ರೋಲ್ ಇದ್ದಾಗ ಎಂದೆ. ಅದನ್ನೂ ಗಂಭೀರವಾಗಿ ಕೇಳಿಸಿಕೊಂಡಳು. ಐದನೆಯ ದಿನ ಇಂದುಮತಿಬೆನ್ ಎಲ್ಲರನ್ನೂ ಸುಮ್ಮನಾಗಿಸಿ, "ನಿಮ್ಮ ಕಡೆಯ ಒಂದು ಮಂತ್ರ ಹೇಳು" ಎಂದಳು. ನನಗೆ ಯಾವ ಮಂತ್ರ ಬರುತ್ತದೆ? ಮೂರನೆಯ ತರಗತಿಯವರೆಗಿನ ಕನ್ನಡ ನನ್ನದು. ಕಣ್ಣು ಮುಚ್ಚಿದೆ. ಕೈ ಮುಗಿದೆ. ರಾಗವಾಗಿ ಶುರು ಮಾಡಿದೆ: "ಎರಡೊಂದ್ಲ ಎರಡು, ಎರಡೆರಡ್ಲ ನಾಕು..." ಎರಡೊಂಬತ್ಲ ಹದಿನೆಂಟಕ್ಕೆ ಬರುವ ಹೊತ್ತಿಗೆ ಹೆಂಗಸರೆಲ್ಲ ಕೈ ಮುಗಿದಿದ್ದರು. ಒಬ್ಬಾಕೆಯ ಕಣ್ಣಲ್ಲಿ ನೀರು. ಪಾರ್ಕಿಂಗ್‌ನಲ್ಲಿ ಯಾರೋ ಕೆಮ್ಮಿದರು. ಪೂರ್ವಿ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಿದ್ದಳಂತೆ.

ಏಳನೆಯ ದಿನ ನಗು ನಿಂತಿತು.

ಆರತಿ ಮುಗಿದು ಎಲ್ಲರೂ ಅಂಗಳದಲ್ಲಿ ಕುಣಿಯುತ್ತಿದ್ದೆವು. ಬಾಡಿಗೆಯವರಿಗೆ ವಿಶ್ರಾಂತಿ ಇಲ್ಲ. ಸುತ್ತು ಒಡೆದರೆ ಮಂಥನ್‌ಗೆ ಬೈಗುಳ. ಪೂರ್ವಿಯ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದಿತ್ತು. ಗಂಟಲು ಒಣಗಿ ಅವಳು ಮೇಜಿನ ಮೇಲಿನ ಸ್ಟೀಲ್ ಲೋಟ ಎತ್ತಿ ಗಟಗಟ ಕುಡಿದಳು. ಇಂದುಮತಿಬೆನ್ ಕೂಗಾಡಲಿಲ್ಲ. ಟಿಶ್ಯೂ ಕಾಗದದಿಂದ ಲೋಟವನ್ನು ಎರಡು ಬೆರಳಲ್ಲಿ ಹಿಡಿದಳು. ಕಸದ ಬುಟ್ಟಿಗೆ ಹಾಕಿದಳು. ತೊಳೆದರೆ ಸಾಕಿದ್ದ ಲೋಟ. ಠಣ್ ಎಂದಿತು. ಢೋಲಿನ ಸದ್ದಿನ ನಡುವೆಯೂ ನಮ್ಮೆಲ್ಲರಿಗೂ ಕೇಳಿಸಿತು.

ಬಸ್ಸಿನಲ್ಲಿ ಪೂರ್ವಿ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಮಗ್ಗಿ ಹೇಳಿ ನಗಿಸಲು ನೋಡಿದೆ. ಅವಳು ನಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅದನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ.

ಎಂಟನೆಯ ದಿನ ಅಷ್ಟಮಿ. ಆ ದಿನ ಒಂಬತ್ತು ಕುಮಾರಿಯರನ್ನು ದೇವಿಯೆಂದು ಕೂರಿಸಿ, ಪಾದ ತೊಳೆದು, ಊಟ ಬಡಿಸುವ ಪದ್ಧತಿ. ಸೊಸೈಟಿಯಲ್ಲಿ ಸಿಕ್ಕ ಪುಟ್ಟ ಹುಡುಗಿಯರು ಎಂಟೇ. ಇನ್ನುಳಿದವರಲ್ಲಿ ಒಬ್ಬಳಿಗೆ ಟ್ಯೂಷನ್, ಒಬ್ಬಳಿಗೆ ಪಾರ್ಲರ್, ಒಬ್ಬಳಿಗೆ ಕಾಲು ಮುಟ್ಟಿಸಿಕೊಳ್ಳಲು ಅಸಹ್ಯ. "ನಮ್ಮ ಪಂಡಿತರ ಹುಡುಗಿ ಇದ್ದಾಳಲ್ಲ, ಮದುವೆ ಆಗಿಲ್ಲವಲ್ಲ, ಸಾಕು" ಎಂದಳಂತೆ ಇಂದುಮತಿಬೆನ್. ಒಂದು ಸಂಜೆ ದೇವಿಯಾಗಲು ದುಪ್ಪಟ್ಟು ಕೂಲಿ ಎಂದು ಮಂಥನ್ ಫೋನ್ ಮಾಡಿದ. ಇದಕ್ಕಿಂತ ಒಳ್ಳೆಯ ಪಾರ್ಟ್ ಟೈಮ್ ಕೆಲಸ ಪ್ರಪಂಚದಲ್ಲಿ ಇದೆಯೇ?

"ಹೋಗು. ಹೊಟ್ಟೆ ತುಂಬ ತಿಂದು ಬಾ" ಎಂದಳು ಪೂರ್ವಿ. ಅವಳು ಪಾರ್ಕಿಂಗ್‌ಗೆ ಹೋದಳು. ನಾನು ಮಣೆಯ ಮೇಲೆ ಕೂತೆ.

ಇನ್ನೂ ಬಿಸಿಲಿತ್ತು. ಎಂಟು ಚಿಳ್ಳೆಗಳ ಸಾಲಿನ ತುದಿಯಲ್ಲಿ ನಾನೊಬ್ಬಳು ಒಂಟೆ. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಇಂದುಮತಿಬೆನ್ ಹಿತ್ತಾಳೆ ತಟ್ಟೆಯಲ್ಲಿ ನನ್ನ ಪಾದ ಇಟ್ಟುಕೊಂಡು ಹಾಲು ನೀರು ಹುಯ್ದಳು. ಹಿಮ್ಮಡಿಯ ಬಿರುಕುಗಳಲ್ಲಿ ಜೀನ್ಸಿನ ನೀಲಿ ಕೂತಿತ್ತು. "ನೋಡಿ, ಕೃಷ್ಣನ ಬಣ್ಣ!" ಎಂದು ಎಲ್ಲರಿಗೂ ತೋರಿಸಿ ಹೆಬ್ಬೆರಳಿನಿಂದ ತಿಕ್ಕಿದಳು. ನನಗೆ ಕಚಗುಳಿ. ಕಿಸಕ್ ಎಂದು ನಕ್ಕೆ. "ದೇವಿ ಪ್ರಸನ್ನಳಾದಳು!" ಎಂದು ಕೂಗು ಎದ್ದಿತು. ಅವಳು ಆ ನೀರನ್ನು ಕಣ್ಣಿಗೆ ಒತ್ತಿಕೊಂಡಳು. ನೆರೆದವರ ತಲೆಯ ಮೇಲೆಲ್ಲ ಚಿಮುಕಿಸಿದಳು. ಒಬ್ಬಾಕೆ ಬಸುರಿ ಸೊಸೆಗೆಂದು ಬಟ್ಟಲಲ್ಲಿ ಹಿಡಿದುಕೊಂಡು ಹೋದಳು. ಒಬ್ಬ ತನ್ನ ಹೊಸ ಕಾರಿನ ಮೇಲೆ ಹಾಕಿದ. ಕಾರ್ಖಾನೆಯ ಸೂಪರ್‌ವೈಸರ್ ಇದನ್ನು ನೋಡಿದರೆ ಕಲ್ಲಾಗಿ ನಿಲ್ಲಬೇಕು ಎಂದುಕೊಂಡೆ.

ಪೂರಿ, ಕಡಲೆ, ಖೀರು ಬಡಿಸಿದರು. ಮೊದಲ ತುತ್ತು ಎತ್ತುವಷ್ಟರಲ್ಲಿ ಗೇಟಿನಿಂದ ಒಬ್ಬರು ಬ್ಯಾಗು ಹಿಡಿದು ಬಂದರು.

"ಜಯತೀರ್ಥಭಾಯಿ, ಬನ್ನಿ ಬನ್ನಿ! ನಿಮ್ಮ ಕಡೆಯ ಹುಡುಗಿಯೇ ಇವತ್ತಿನ ದೇವಿ!" ಎಂದಳು ಇಂದುಮತಿಬೆನ್. ಇವರು ಅಲ್ಲಿನ ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕ್ ಮ್ಯಾನೇಜರ್. ವಡೋದರಾದಲ್ಲಿ ಆಡಿಟ್ ಮುಗಿಸಿ ಅಂದೇ ಬಂದಿದ್ದರು.

"ಎಲ್ಲಿಯವರವಾ ನೀವು?" ಎಂದು ಕನ್ನಡದಲ್ಲಿ ಕೇಳಿದರು.

"ದೇವದುರ್ಗದ ಕಡ್ಯಾರ್ರಿ."

"ಅರೆ! ನಾವು ರಾಯಚೂರವ್ರು!"

ಅವರ ಮುಖ ಅರಳಿತು. ನನಗೂ ನಿಜವಾಗಿ ಖುಷಿಯಾಯಿತು. ಆ ಅಂಗಳದಲ್ಲಿ ನಮ್ಮ ಮಾತು ಕೇಳಿ ಎದ್ದು ಕುಣಿಯಬೇಕೆನಿಸಿತು.

"ಅಪ್ಪ ಏನು ಮಾಡ್ತಾರ?"

"ವಟ್ವಾದಾಗ ಬಣ್ಣದ ಚೀಲ ಹೊರ್ತಾನ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಊರಾಗ ಮನಿ ಎಲ್ಲಿ ಬರ್ತದ? ಅಗಸಿ ಒಳಗೋ, ಹೊರಗೋ?"

ಅಗಸಿ ಎಂದರೆ ಊರಬಾಗಿಲು. ಒಳಗೆ ಊರು. ಹೊರಗೆ ನಾವು. ಇಂದುಮತಿಬೆನ್ ಎಂಟು ದಿನ ಕಂಡುಹಿಡಿಯದ್ದನ್ನು ಈ ಮನುಷ್ಯ ಮೂರು ಪ್ರಶ್ನೆಯಲ್ಲಿ ಹಿಡಿದುಬಿಟ್ಟ.

"ಹೊರಗ್ರೀ" ಎಂದೆ.

ಅವರ ಮುಖದ ಮೇಲಿನ ನಗು ಹಾಗೇ ಇತ್ತು, ಸುತ್ತ ಜನರಿದ್ದರಲ್ಲ. ಯಾರಿಗೂ ಕನ್ನಡ ಬಾರದಿದ್ದರೂ ದನಿ ತಗ್ಗಿಸಿದರು. "ನೋಡವಾ, ನನಗ ಇದೆಲ್ಲಾ ಏನೂ ಇಲ್ಲ. ನಾ ಯಾರಿಗೂ ಹೇಳಂಗಿಲ್ಲ. ಆದ್ರ ಇವ್ರು ಭಾಳ ಮಡಿ ಮಂದಿ ಅದಾರ. ಹೊಟ್ಟಿ ನೋಯ್ತದ ಅಂತ ಹೇಳಿ ಸುಮ್ಮನ ಎದ್ದು ಹೋಗು. ನಿನಗೂ ಛಲೋ, ಎಲ್ಲಾರಿಗೂ ಛಲೋ."

ನಾನು ಏಳಲಿಲ್ಲ.

"ಏನಂತೆ?" ಎಂದಳು ಇಂದುಮತಿಬೆನ್.

"ಹುಡುಗಿಗೆ ಹೊಟ್ಟೆ ನೋವಂತೆ" ಎಂದು ಅವರೇ ಗುಜರಾತಿಯಲ್ಲಿ ಹೇಳಿಬಿಟ್ಟರು.

ನನಗೆ ಹೊಟ್ಟೆ ನೋವಿರಲಿಲ್ಲ. ಹಸಿವಿತ್ತು. ಮುಂದೆ ಖೀರಿತ್ತು. ಎಂಟು ದಿನ ಇವರು ತಪ್ಪು ತಿಳಿದರು, ನಾನು ನಕ್ಕೆ. ತಪ್ಪು ಅವರದಾಗಿತ್ತು. ಈಗ ಈತ ನನ್ನ ಭಾಷೆಯಲ್ಲೇ ಬಂದು ನನ್ನ ಹೊಟ್ಟೆಗೆ ಸುಳ್ಳು ನೋವು ಅಂಟಿಸಿ ಹಿಂಬಾಗಿಲಿಂದ ಕಳಿಸಲು ನೋಡುತ್ತಿದ್ದಾನೆ. ಏಳನೆಯ ದಿನದ ಸಿಟ್ಟಿಗೆ ಜಾಗ ಸಿಕ್ಕಿತು.

ಅವರು ಕೇಳಿದ್ದು ಕನ್ನಡದಲ್ಲಿ. ನಾನು ಉತ್ತರ ಕೊಟ್ಟದ್ದು ಗುಜರಾತಿಯಲ್ಲಿ, ಪಾರ್ಕಿಂಗ್‌ಗೂ ಕೇಳುವಂತೆ.

"ಹೊಟ್ಟೆ ನೋವಿಲ್ಲ ಬೆನ್. ನಮ್ಮ ಮನೆ ಊರಬಾಗಿಲ ಒಳಗೋ ಹೊರಗೋ ಎಂದು ಕೇಳಿದರು. ಹೊರಗೆ ಎಂದೆ. ನಾವು ಮಾದಿಗರು. ಸತ್ತ ದನ ಎಳೆದವರು, ಅದರ ತೊಗಲು ಹದ ಮಾಡಿದವರು. ನನ್ನಪ್ಪ ಚೀಲ ಹೊರುತ್ತಾನೆ. ಪೂರ್ವಿಯನ್ನು ಎಲ್ಲಿ ನಿಲ್ಲಿಸಿದ್ದೀರೋ ನನ್ನ ಜಾಗವೂ ಅದೇ. ಮೊನ್ನೆ ಹೇಳಿದ್ದು ಮಂತ್ರ ಅಲ್ಲ, ಎರಡರ ಮಗ್ಗಿ."

ಇಂದುಮತಿಬೆನ್ ತನ್ನ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದಳು. ಅವು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. "ಏಳು" ಎಂದಳು.

"ಏಳುವುದಿಲ್ಲ. ನೀವೇ ಕೂರಿಸಿದ್ದು."

"ತಟ್ಟೆಯ ಮುಂದೆ ಕೂತ ಕುಮಾರಿಯನ್ನು ಎಬ್ಬಿಸಬಾರದು ಇಂದುಮತಿ, ಇವತ್ತು ಅಷ್ಟಮಿ!" ಎಂದು ಹಿಂದಿನಿಂದ ಒಬ್ಬ ಅಜ್ಜಿ ನಡುಗುವ ದನಿಯಲ್ಲಿ ಹೇಳಿದಳು. "ಅನ್ನದಿಂದ ದೇವಿಯನ್ನು ಅಟ್ಟಿದ ಹಾಗೆ."

ಹಿಡಿದೆಬ್ಬಿಸೋಣ ಎಂದರೆ ಮುಟ್ಟಬೇಕು. ಮುಟ್ಟುವಂತಿಲ್ಲ. ಎಬ್ಬಿಸುವಂತಿಲ್ಲ, ಕೂರಿಸುವಂತಿಲ್ಲ. ಅವರ ಶಾಸ್ತ್ರವೇ ನನ್ನ ಮಣೆಯ ಸುತ್ತ ಕಾವಲು ನಿಂತಿತ್ತು. ನನಗೆ ಹೆದರಿಕೆಯೂ ಇತ್ತು, ಖುಷಿಯೂ ಇತ್ತು. ಖುಷಿಯೇ ಹೆಚ್ಚು. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದೆ.

"ಪೂರ್ವೀ! ಊಟಕ್ಕೆ ಬಾ!"

ಮಂಥನ್ ಅಡ್ಡ ಬಂದ. "ಕೈ ಮುಗಿಯುತ್ತೇನೆ, ಚಳಿಗಾಲದ ಕೆಲಸವೆಲ್ಲ ಹೋಗುತ್ತದೆ!" ಪೂರ್ವಿ ಅವನನ್ನು ಗರ್ಬಾದ ಒಂದು ಸುತ್ತು ತಿರುಗಿ ದಾಟಿದಳು. ಅವಳ ಹಿಂದೆ ಐವರೂ ಬಂದರು. "ಸ್ವಲ್ಪ ಆಚೆ ಸರಿ" ಎಂದು ನನ್ನ ಮಣೆಯ ಮೇಲೇ ಕೂತಳು. ನನ್ನ ತಟ್ಟೆಗೇ ಕೈ ಹಾಕಿದಳು. ಖೀರಿನಲ್ಲಿ ಅದ್ದಿದ ಪೂರಿ ಬಾಯಿಗಿಟ್ಟುಕೊಂಡು, "ಏಲಕ್ಕಿ ಕಡಿಮೆ" ಎಂದಳು. ಎಂಟು ಚಿಳ್ಳೆಗಳೂ ಕಿಲಕಿಲ ನಕ್ಕವು. ತಾಯಂದಿರು ಓಡಿಬಂದು ರಟ್ಟೆ ಹಿಡಿದು ಎಳೆದೊಯ್ದರು. ಆಗ ಮಾತ್ರ ದೇವಿಯರನ್ನು ಎಬ್ಬಿಸಬಹುದಾಗಿತ್ತು.

ಆಮೇಲೆ ಶುರುವಾಯಿತು ನೋಡಿ. ಕಾಲು ತೊಳೆದ ನೀರು ಬಿದ್ದದ್ದು ಒಬ್ಬರ ತಲೆಗಲ್ಲ, ಎಲ್ಲರ ತಲೆಗೆ. "ತಲೆಗೆ ನೀರು ಹಾಕಿಕೊಳ್ಳಬೇಕು" ಎಂದು ಯಾರೋ ಪಿಸುಗುಟ್ಟಿದರು. ಸೀರೆ, ಧೋತಿ, ಜೀನ್ಸು ಎಲ್ಲ ಒಟ್ಟಿಗೆ ಲಿಫ್ಟಿಗೆ ನುಗ್ಗಿದವು. ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಮುಟ್ಟಬಾರದೆಂದು ಕೆಲವರು ಮೆಟ್ಟಿಲು ಹತ್ತಿದರು. ಅಂಗಳ ಖಾಲಿ. ಸ್ವಲ್ಪ ಹೊತ್ತಿಗೆ ಇಡೀ ಕಟ್ಟಡದ ಪೈಪುಗಳು ಬುಸುಗುಟ್ಟಿದವು. ಎಲ್ಲ ಮನೆಯಲ್ಲೂ ಒಮ್ಮೆಗೇ ಸ್ನಾನ. ಇನ್ನೂ ಸ್ವಲ್ಪ ಹೊತ್ತಿಗೆ ಪೈಪುಗಳು ಸುಮ್ಮನಾದವು. ಮೇಲಿನ ಟ್ಯಾಂಕ್ ಬರಿದಾಗಿತ್ತು.

ಮೂರನೆಯ ಮಹಡಿಯ ಬಾಲ್ಕನಿಗೆ ಇಂದುಮತಿಬೆನ್ ಬಂದಳು. ತಲೆ ತುಂಬ ಶಾಂಪೂ ನೊರೆ, ಒಂದು ಕಣ್ಣು ಮುಚ್ಚಿತ್ತು. "ವಾಚ್‌ಮನ್! ಮೋಟರ್ ಹಾಕು!" ಪಕ್ಕದ ಬಾಲ್ಕನಿಯಲ್ಲಿ ಇನ್ನೊಂದು ನೊರೆಯ ತಲೆ. ಮೇಲೆ ಎರಡು. ಕೆಳಗೆ ಮೂರು. ಕಾರಿನವನು ಟವೆಲ್ ಸುತ್ತಿಕೊಂಡೇ ಇಳಿದುಬಂದ. ವಾಚ್‌ಮನ್ ನಮ್ಮನ್ನು ನೋಡಿದ, ಅವರನ್ನು ನೋಡಿದ, ಬೀಡಿ ಆರಿಸಿ ನಿಧಾನಕ್ಕೆ ಪಂಪಿನ ಕಡೆ ನಡೆದ. ನಾವು ನಗುನಗುತ್ತ ನೆಲಕ್ಕೆ ಉರುಳಿದೆವು. ಪೂರ್ವಿಗೆ ಖೀರು ನೆತ್ತಿಗೇರಿತು.

ಢೋಲಿನವನಿಗೆ ಬಾರಿಸಬೇಡ ಎಂದು ಯಾರೂ ಹೇಳಿರಲಿಲ್ಲ. ಅವನು ಕೋಲೆತ್ತಿ ಒಂದು ಪೆಟ್ಟು ಹಾಕಿದ. ಪೂರ್ವಿ ಎದ್ದಳು. ದೇವಿಯ ಮುಂದೆ, ದೀಪದ ಗಡಿಗೆಯ ಪಕ್ಕದಲ್ಲೇ, ಎಂಟು ದಿನ ಅವಳಿಗೆ ನಿಷಿದ್ಧವಾಗಿದ್ದ ಜಾಗದಲ್ಲಿ ನಿಂತು ಚಪ್ಪಾಳೆ ಹೊಡೆದಳು. ಏಳು ಜನ ಸುತ್ತು ಕಟ್ಟಿದೆವು.

"ಇವತ್ತಿನ ಕೂಲಿ ಯಾರು ಕೊಡುತ್ತಾರೆ ನಿಮಗೆ?" ಎಂದು ಮಂಥನ್ ಅಳುವ ದನಿಯಲ್ಲಿ ಕೇಳಿದ.

"ಇದು ಮಾರಾಟಕ್ಕಿಲ್ಲ" ಎಂದಳು ಪೂರ್ವಿ.

ಕೆಲಸ ಹೋಯಿತು ಎಂದು ನನಗೆ ಗೊತ್ತಿತ್ತು. ಸೋಮವಾರದಿಂದ ಮತ್ತೆ ಕತ್ತರಿ, ಮತ್ತೆ ನೀಲಿ ಮೂಗು. ಅದಕ್ಕೆ ದುಃಖವಿತ್ತು. ಆದರೂ ಕಾಲು ನಿಲ್ಲಲಿಲ್ಲ. ಮೊದಲ ಸಲ ಆ ಅಂಗಳದಲ್ಲಿ ನನಗೆ ಬೇಕಾದಂತೆ ತಿರುಗಿದೆ. ತಲೆ ಸುತ್ತಿತು, ಕಟ್ಟಡಗಳೂ ಬಾಲ್ಕನಿಗಳೂ ನೊರೆಯ ತಲೆಗಳೂ ಗಿರಗಿರ ಸುತ್ತಿದವು.

ಸುತ್ತು ಮುಗಿಸಿ ಏದುಸಿರು ಬಿಡುತ್ತ ನಿಂತಾಗ ಜಯತೀರ್ಥ ಮೆಟ್ಟಿಲ ಬಳಿ ನಿಂತಿದ್ದರು. ಬಟ್ಟೆ ಬದಲಾಗಿತ್ತು. ನನ್ನನ್ನು ಹತ್ತಿರ ಕರೆದರು. ನಾನು ನಿಂತಲ್ಲೇ ನಿಂತೆ. ಅವರೇ ನಾಲ್ಕು ಹೆಜ್ಜೆ ಬಂದರು, ಐದನೆಯದು ಇಡಲಿಲ್ಲ.

"ಯಾಕವಾ ಹಿಂಗ ಮಾಡಿದಿ? ಕೈಯಾಗಿನ ಕೆಲಸ ಕಳಕೊಂಡಿ. ನಾ ನಿನ್ನ ಛಲೋದಕ್ಕ ಹೇಳಿದ್ದ. ಜಾತಿಗೀತಿ ನಾ ನಂಬಾವಲ್ಲ, ದೇವರಾಣಿ. ಇವ್ರ ಸಲುವಾಗಿ ಹೇಳ್ದೆ ಅಷ್ಟ."

ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ನಾನು ಅವರನ್ನು ಒಂದು ಕ್ಷಣ ನೋಡಿದೆ. ಈ ಸಲ ಕನ್ನಡದಲ್ಲೇ ಹೇಳಿದೆ.

"ಹೌದೇನ್ರಿ ಸರ? ನಿಮ್ಮ ಕಿವಿ ಹಿಂದ ಸಾಬೂನ ಹಂಗ ಐತಿ ನೋಡ್ರಿ."

ಅವರ ಕೈ ತಾನಾಗಿ ಕಿವಿಗೆ ಹೋಯಿತು.